ನನ್ನ ಲಾಭದಾಯಕ ಹುದ್ದೆ

ಸರ್ಕಾರಿ ನೌಕರನಿಗೆ ಸಂಬಳ ಬರುತ್ತದೆ, ವರ್ಗಾವಣೆ ಬರುತ್ತದೆ, ಕೊನೆಗೊಂದು ದಿನ ಪಿಂಚಣಿಯೂ ಬರುತ್ತದೆ. ಆದರೆ ಬಸ್ಸಿನಲ್ಲಿ ಜನ ಎದ್ದು ಸೀಟು ಬಿಟ್ಟುಕೊಡುವುದು ಮಾತ್ರ ಪಂಚಾಯ್ತಿ ಮೆಂಬರಿಗೆ. ದೇವಸಮುದ್ರದ ಬಸ್ಸಿನಲ್ಲಿ ವರ್ಷಗಟ್ಟಲೆ ನಿಂತೇ ಓಡಾಡಿದ ಪ್ರೈಮರಿ ಶಾಲೆಯ ಮೇಷ್ಟ್ರು ನಾನು. ಮೆಂಬರಾಗುವ ಆಸೆ ನನಗೂ ಇತ್ತು ಎಂದರೆ ತಪ್ಪು ತಿಳಿಯಬೇಡಿ.

ತೊಂಬತ್ತರ ದಶಕದ ಒಂದು ಪಂಚಾಯ್ತಿ ಚುನಾವಣೆಯ ಹೊತ್ತಿಗೆ ನಮ್ಮೂರಿನ ಎರಡೂ ಪಾರ್ಟಿಯವರು ಜಗಳವಾಡಿ ಸುಸ್ತಾಗಿದ್ದರು. ಯಾವ ಪಾರ್ಟಿಗೂ ಸೇರದ ಮೇಷ್ಟ್ರನ್ನೇ ಅವಿರೋಧವಾಗಿ ಆರಿಸೋಣ ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಬೇಡವೆನ್ನಲು ನಾನು ಬಾಯಿ ತೆರೆದದ್ದು ನಿಜ, ಮಾತು ಹೊರಡಲಿಲ್ಲ, ಅಷ್ಟೆ. ಹೆಂಡತಿ ತಿಪ್ಪಮ್ಮ ಮಾತ್ರ, "ಇರೋ ನೌಕರಿ ಹೋದೀತು, ಮೊದ್ಲು ಆಫೀಸರ್ನ ಕೇಳ್ಕಂಡು ಬರಾನ ನಡೀರಿ" ಎಂದು ನನ್ನ ಜೊತೆಗೇ ಹೊರಟಳು. ಹಿಂದೆ ಅರ್ಧ ಊರೂ ಹೊರಟಿತು.

ಪಂಚಾಯ್ತಿ ಕಚೇರಿಯಲ್ಲಿ ಕೂತಿದ್ದ ಚುನಾವಣಾಧಿಕಾರಿ ತಲೆಯೆತ್ತದೆ, "ಆಗಲ್ಲ. ಮೇಷ್ಟ್ರದು ಲಾಭದಾಯಕ ಹುದ್ದೆ. ಅಂಥವರು ನಿಲ್ಲೋ ಹಾಗಿಲ್ಲ" ಎಂದರು.

ಊರ ಹಿರಿಯ ಓಬಳಪ್ಪನವರಿಗೆ ನಗು ತಡೆಯಲಾಗಲಿಲ್ಲ. "ಲಾಭನಾ? ಸ್ವಾಮೀ, ನಾನು ಚಳ್ಳಕೆರೆ ಮಂಡೀಲಿ ಶೇಂಗಾ ಯಾಪಾರ ಮಾಡೋನು, ಲಾಭ ಅಂದ್ರೆ ಏನಂತ ನಂಗೊತ್ತೈತೆ. ಇವ್ರ ಅಂಗಿ ಕಾಲರ್ ನೋಡ್ರಿ, ತಿರುವಿ ಹೊಲಿಸವ್ರೆ. ಇದ್ರಾಗೆ ಲಾಭ ಎಲ್ಲೈತ್ರಿ?"

ಹಿಂದಿನಿಂದ ಒಬ್ಬ ನನ್ನ ಚಪ್ಪಲಿಯ ಕಿತ್ತುಹೋದ ಉಂಗುಷ್ಟ ತೋರಿಸಿದ. ಇನ್ನೊಬ್ಬ ಬ್ರೇಕಿಲ್ಲದ ಸೈಕಲ್ಲಿನ ಕಥೆ ಹೇಳಿದ. ನನ್ನ ಬಡತನಕ್ಕೆ ಇಷ್ಟೊಂದು ಸಾಕ್ಷಿಗಳಿದ್ದಾರೆಂದು ನನಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಆದರೂ ಮೆಂಬರಾಗುವ ಆಸೆಗೆ ಎಲ್ಲದಕ್ಕೂ ಹೌದು ಹೌದೆಂದು ತಲೆಯಾಡಿಸಿದೆ.

"ಸರ್ಕಾರದ ಸಂಬಳ ತಗೊಂಡರೆ ಅದೇ ಲಾಭ ಕಣ್ರೀ. ಬೇಕಾದರೆ ರಾಜೀನಾಮೆ ಕೊಟ್ಟು ನಿಲ್ಲಲಿ" ಎಂದರು ಅಧಿಕಾರಿ. ಆಡುತ್ತಿದ್ದ ನನ್ನ ತಲೆ ಅಲ್ಲಿಗೇ ನಿಂತಿತು.

"ಹಂಗಾರೆ ಯಾವ ಲಾಭಾನೂ ಇಲ್ದೋರು ಬೇಕು ಅನ್ರಿ" ಎಂದು ಓಬಳಪ್ಪನವರು ಪೆಚ್ಚಾಗಿ ಎದ್ದರು.

ಆಗ ತಿಪ್ಪಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಈ ಮೇಷ್ಟ್ರನ್ನ ಕಟ್ಕಂಡು ನಂಗ್ಯಾವ ಲಾಭ ಆಗೈತೆ ಸ್ವಾಮೀ? ನನ್ನ ಹೆಸ್ರು ಬರ್ಕಳ್ರಿ."

ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ತಿಪ್ಪಮ್ಮ ಅವಿರೋಧವಾಗಿ ಮೆಂಬರಾದಳು.

ತಿಂಗಳೊಪ್ಪತ್ತಿನಲ್ಲಿ ಅವಳು ಶಾಲೆ ನೋಡಲು ಬಂದಳು. ನಾನು ಏದುಸಿರು ಬಿಡುತ್ತಾ ಆಗತಾನೇ ಒಳಗೆ ಕಾಲಿಟ್ಟಿದ್ದೆ. "ಏನ್ ಮೇಷ್ಟ್ರೇ, ಪ್ರಾರ್ಥನೆ ಹೊತ್ನಾಗೆ ಎಲ್ಲಿದ್ರಿ?" ಎಂದು ಮಕ್ಕಳೆದುರೇ ಕೇಳಿದಳು. ಮೆಂಬರಿಗೆ ಬೆಳಿಗ್ಗೆ ಮೀಟಿಂಗ್ ಇದ್ದದ್ದರಿಂದ ಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ ಎಂದು ಅಲ್ಲಿ ಹೇಳುವುದು ಹೇಗೆ?

ಸರ್ಕಾರಿ ನೌಕರ ಎರಡನೇ ಹುದ್ದೆ ಹಿಡಿಯಬಾರದೆಂಬ ನಿಯಮವನ್ನು ಅಂದಿನಿಂದ ದಿನವೂ ಮುರಿಯುತ್ತಿದ್ದೇನೆ. ಈ ಎರಡನೆಯದರಲ್ಲಿ ಯಾವ ಲಾಭವೂ ಇಲ್ಲವಾದ್ದರಿಂದ ಇಲಾಖೆ ಈವರೆಗೆ ನೋಟೀಸು ಕೊಟ್ಟಿಲ್ಲ.