ಮೂಗುರಾಯರ ಪಾಲು

ಎಲ್ಲಕ್ಕೂ ಮೂಲ ಒಂದು ಸೀನು. ಸೀನಿದವನು ಹಾಲಿನ ವ್ಯಾನಿನ ಡ್ರೈವರು. ಮೂಗು ಕಳೆದುಕೊಂಡವರು ಮೂಗುರಾಯರು.

ಮೂಗೇನೋ ಮುಖದ ಮೇಲೆ ಇದ್ದಲ್ಲೇ ಇತ್ತು, ಸೊಟ್ಟಗೂ ಆಗಿರಲಿಲ್ಲ. ಖಾಲಿಯಾದದ್ದು ಒಳಗೆ. ಸೋಪಿನ ಕಾರ್ಖಾನೆಯಲ್ಲಿ ಹೊಸದಾಗಿ ತಯಾರಾದ ಸೋಪನ್ನೆಲ್ಲ ಮೂಸಿ ನೋಡಿ ‘ಆಗಬಹುದು’, ‘ಬೇಡ’ ಎಂದು ತೀರ್ಪು ಕೊಡುವುದು ಅವರ ಕೆಲಸ. ಅದಕ್ಕೇ ಆ ಹೆಸರು. ಲೆಕ್ಕದ ವಿಭಾಗದ ಲೆಕ್ಕಿಗರ ಕಾರಿನಲ್ಲಿ ನಾಲ್ಕು ಜನ ಕೆಲಸಕ್ಕೆ ಹೊರಟಿದ್ದ ಬೆಳಗ್ಗೆ, ಸೀನುತ್ತಿದ್ದ ವ್ಯಾನು ಹಿಂದಿನಿಂದ ಬಂದು ಗುದ್ದಿತು. ಲೆಕ್ಕಿಗರ ಕುತ್ತಿಗೆ ಉಳುಕಿತು. ಪ್ಯಾಕಿಂಗ್ ವಿಭಾಗದ ಅಕ್ಕನ ತೋಳು ಬಾತುಕೊಂಡಿತು. ಮೆಕ್ಯಾನಿಕ್ಕನ ಮಂಡಿ ತರಚಿತು. ಮೂಗುರಾಯರ ಹಣೆಯ ಮೇಲೆ ಒಂದು ಬುಗುಟು ಎದ್ದಿತು. ಬುಗುಟು ಬೇಗನೆ ಇಳಿಯಿತು; ಇಳಿಯುವಾಗ ಲೋಕದ ವಾಸನೆಗಳನ್ನೆಲ್ಲ ಜೊತೆಗೆ ಕರೆದುಕೊಂಡು ಹೋಯಿತು.

ವ್ಯಾನಿನ ವಿಮಾ ಕಂಪನಿ ಒಂದು ಮಾತು ಹೇಳಿತ್ತು: ಒಂದು ಅಪಘಾತಕ್ಕೆ ಒಂದೇ ಮೊತ್ತ. ಏಟು ತಿಂದವರು ಎಷ್ಟು ಜನವಾದರೂ ಅದನ್ನೇ ಹಂಚಿಕೊಳ್ಳಬೇಕು. ಯಾರ ನೋವು ದೊಡ್ಡದೋ ಅವರಿಗೆ ದೊಡ್ಡ ಪಾಲು. ಆ ಮಾತು ಕಿವಿಗೆ ಬಿದ್ದದ್ದೇ, ಹೆಚ್ಚುಕಡಿಮೆ ವಾಸಿಯಾಗಿದ್ದ ಮೂವರ ಗಾಯಗಳು ನೀರು ಬಿಟ್ಟ ಗಿಡದಂತೆ ಮತ್ತೆ ಚಿಗುರಿದವು.

ಮೂಗುರಾಯರಿಗೆ ಬೇಕಾಗಿದ್ದದ್ದು ಬೇರೆ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಮೂಗಿನ ನರಕ್ಕೆ ಚಿಕಿತ್ಸೆ ಕೊಡುತ್ತಾರಂತೆ. ತಮ್ಮ ಪಾಲು ಬಂದರೆ ಅಲ್ಲಿಗೆ ಹೋಗಬಹುದಿತ್ತು. ಹೋಗಬೇಕಾಗಿದ್ದದ್ದು ಸೋಪಿಗಾಗಿ ಅಲ್ಲ. ಮಂಚದ ಕೆಳಗಿದ್ದ ತಗಡಿನ ಟ್ರಂಕಿಗಾಗಿ.

ಟ್ರಂಕಿನಲ್ಲಿ ತೀರಿಹೋದ ಹೆಂಡತಿಯ ಒಂದು ನೀಲಿ ಸ್ವೆಟರು ಇತ್ತು. ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದ ಹೆಂಗಸು. ಸ್ವೆಟರಿಗೆ ಹೊಲಿಗೆ ಯಂತ್ರದ ಎಣ್ಣೆ, ಇಸ್ತ್ರಿಯ ಬಿಸಿ, ಹುಳ ಬಾರದಿರಲೆಂದು ಬಟ್ಟೆಗಳ ನಡುವೆ ಇಡುತ್ತಿದ್ದ ಕಿತ್ತಳೆ ಸಿಪ್ಪೆ, ಎಲ್ಲ ಸೇರಿದ ಒಂದು ವಾಸನೆ ಅಂಟಿಕೊಂಡಿತ್ತು. ಭಾನುವಾರ ಮುಚ್ಚಳ ಚೂರೇ ಚೂರು ಎತ್ತಿ ಮೂಗುರಾಯರು ಒಂದೇ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ಎರಡನೆಯದಕ್ಕೆ ಕೈಹಾಕುತ್ತಿರಲಿಲ್ಲ. ಹೆಚ್ಚು ಎಳೆದರೆ ಮುಗಿದುಹೋದೀತೆಂಬ ಭಯ. ಅಪಘಾತವಾದ ಮೇಲೆ ಟ್ರಂಕಿನ ಸಂದಿಗೆಲ್ಲ ಟೇಪು ಸುತ್ತಿಟ್ಟಿದ್ದರು. ಮೂಗು ವಾಪಸು ಬರುವವರೆಗೆ ಅದು ಅಲ್ಲೇ ಕಾಯುತ್ತಿರಲಿ ಎಂದು.

ಅಂದು ವಿಮಾ ಕಂಪನಿಯ ಡಾಕ್ಟರ ತಪಾಸಣೆ. ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ನಾಲ್ವರೂ ಕೂತರು. ಲೆಕ್ಕಿಗರು ಕುತ್ತಿಗೆಗೆ ಪಟ್ಟಿ ಬಿಗಿದು, ಯಾರಾದರೂ ಕರೆದರೆ ಬೀರುವಿನಂತೆ ಇಡಿಯಾಗಿ ತಿರುಗುತ್ತಿದ್ದರು. ಮೆಕ್ಯಾನಿಕ್ಕನ ಕೈಯಲ್ಲಿ ಊರುಗೋಲು. ಅಕ್ಕ ತೋಳನ್ನು ಜೋಲಿಗೆ ಹಾಕಿಕೊಂಡಿದ್ದಳು.

“ಅಕ್ಕಾ, ಮೆಟ್ಟಿಲು ಹತ್ತೋವಾಗ ಜೋಲಿ ಎಡಗೈಗಿತ್ತಲ್ಲ?” ಮೆಕ್ಯಾನಿಕ್ ಪಿಸುಗುಟ್ಟಿದ.

“ಬಲಗೈಲಿ ಬ್ಯಾಗ್ ಹಿಡಿದಿದ್ದೆ ಕಣೋ. ಈಗ ಬದಲಾಯಿಸ್ಕೊಂಡೆ. ನಿನ್ನ ಕುಂಟು ಮಾತ್ರ ಒಂದೇ ಕಾಲಲ್ಲಿ ನಿಂತಿದೆಯಾ?”

ಮೂಗುರಾಯರು ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಪಟ್ಟಿಯಿಲ್ಲ, ಕೋಲಿಲ್ಲ. ಯಾರನ್ನೋ ನೋಡಿಕೊಂಡು ಹೋಗಲು ಬಂದವರಂತೆ ಕಾಣುತ್ತಿದ್ದರು. ಲೆಕ್ಕಿಗರು ಇಡಿಯಾಗಿ ಅವರ ಕಡೆ ತಿರುಗಿದರು.

“ರಾಯರೇ, ಹೀಗೆ ಕೂತರೆ ಆಯ್ತು ನಿಮ್ಮ ಕತೆ. ಒಳಗೆ ಬಾಟಲಿಗಳನ್ನ ಮೂಗಿಗೆ ಹಿಡೀತಾರಂತೆ. ಯಾವುದೇ ಬರಲಿ, ಮುಖದಲ್ಲಿ ಒಂದು ಗೆರೆ ಕದಲಬಾರದು. ಕಲ್ಲು! ಕಲ್ಲಾಗಿಬಿಡಿ.”

“ನನಗೆ ನಿಜವಾಗ್ಲೂ ವಾಸನೆ ಬರಲ್ಲವಲ್ಲ. ನಾನ್ಯಾಕೆ ನಟಿಸ್ಬೇಕು?”

“ನಿಜ ಆದ್ರಿಂದ್ಲೇ ಜಾಸ್ತಿ ನಟಿಸ್ಬೇಕು! ನಮ್ಮದು ಕಣ್ಣಿಗೆ ಕಾಣುತ್ತೆ. ನಿಮ್ಮದನ್ನ ಯಾರು ನೋಡಿದ್ದಾರೆ?”

“ಏನು ಕೇಳಿದ್ರೂ ‘ಏನೂ ಇಲ್ಲ’ ಅಷ್ಟೇ,” ಎಂದಳು ಅಕ್ಕ. “ಎಲ್ಲಿ, ಒಂದ್ಸಲ ಹೇಳಿ ನೋಡೋಣ.”

“ಏನೂ ಇಲ್ಲ.”

“ಇಷ್ಟು ಮೆತ್ತಗೆ ಹೇಳಿದ್ರೆ ನಾನೇ ನಂಬಲ್ಲ. ಇನ್ನೊಂದ್ಸಲ!”

ಮೆಕ್ಯಾನಿಕ್ ತನ್ನ ಜೇಬಿನ ಗ್ರೀಸು ಬಟ್ಟೆಯನ್ನು ಅವರ ಮೂಗಿಗೆ ಒತ್ತಿದ. “ಏನೂ ಇಲ್ಲ.” ಅಕ್ಕ ಬಿಚ್ಚಿದ ಚಪ್ಪಲಿಯನ್ನೇ ಎತ್ತಿ ಹಿಡಿದಳು. “ಏನೂ ಇಲ್ಲ.” ಪಕ್ಕದ ಬೆಂಚಿನ ಅಪರಿಚಿತ ಎದ್ದು ದೂರ ಹೋಗಿ ಕೂತ.

ಮೊದಲು ಅವರು ಮೂವರೂ ಒಳಗೆ ಹೋಗಿ, ಹೋದಾಗಿನದಕ್ಕಿಂತ ಹೆಚ್ಚು ನರಳುತ್ತ ಹೊರಬಂದರು. ಕೊನೆಗೆ ಮೂಗುರಾಯರ ಸರದಿ.

ಡಾಕ್ಟರು ಮಾತಿಲ್ಲದ ಮನುಷ್ಯ. ಕಣ್ಣು ಮುಚ್ಚಿಸಿ ಒಂದೊಂದೇ ಬಾಟಲಿ ಹಿಡಿದರು. ಕಾಫಿಯೋ, ನಿಂಬೆಯೋ, ಏನೋ. ಮೂಗುರಾಯರಿಗೆ ಗಾಜಿನ ತಣುಪು ಬಿಟ್ಟರೆ ಇನ್ನೇನೂ ತಾಕಲಿಲ್ಲ. “ಏನೂ ಇಲ್ಲ,” ಎಂದರು. ಸತ್ಯ. “ಏನೂ ಇಲ್ಲ.” ಅದೂ ಸತ್ಯ. ಒಂದು ಬಾಟಲಿಯಲ್ಲಿ ಇದ್ದದ್ದು ಅವರದೇ ಕಾರ್ಖಾನೆಯ ಸೋಪಿನ ಚೂರು. ಡಾಕ್ಟರು ಹೇಳಿದ ಮೇಲೆಯೇ ಅವರಿಗೆ ಗೊತ್ತಾದದ್ದು. ಮಗುವನ್ನೇ ಗುರುತು ಹಿಡಿಯದ ತಂದೆಯಂತೆ ಅವರ ತಲೆ ತಗ್ಗಿತು.

ಆಮೇಲೆ ಕೊನೆಯ ಬಾಟಲಿ.

ಮೂಗಿನೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು. ನೆತ್ತಿಯವರೆಗೆ ಚುರ್ರೆಂದು ಏರಿತು. ತಿಂಗಳುಗಳಿಂದ ಪಾಳು ಬಿದ್ದ ಮನೆಯಲ್ಲಿ ಯಾರೋ ದಡಾರನೆ ಬಾಗಿಲು ತೆಗೆದ ಹಾಗೆ! ಸೋಪಿನ ಪರಿಮಳಗಳಲ್ಲೇ ಬಾಳಿದ ಆ ಮೂಗಿಗೆ ಇಂಥ ಒರಟು ಅತಿಥಿ ಎಂದೂ ಬಂದಿರಲಿಲ್ಲ. ಆದರೆ ಏನೋ ಬಂತು, ಬಂತಲ್ಲ! ಮೂಗು ಬಂತು! ಅವರ ಎದೆ ಕುಣಿಯಿತು. ಟ್ರಂಕು, ಟೇಪು, ನೀಲಿ ಸ್ವೆಟರು ಒಟ್ಟಿಗೆ ಕಣ್ಣೆದುರು ಬಂದವು.

ಕಣ್ಣು ತೆರೆದರೆ ಬಾಗಿಲಿನ ಗಾಜಿಗೆ ಮೂರು ಮುಖಗಳು ಅಂಟಿಕೊಂಡಿದ್ದವು. ಪಟ್ಟಿಯ ಮೇಲಿನ ಲೆಕ್ಕಿಗರ ತುಟಿಗಳು ಸದ್ದಿಲ್ಲದೆ ಆಡಿದವು: ಕಲ್ಲು, ಕಲ್ಲು.

“ಏನಾದ್ರೂ ಅನ್ನಿಸ್ತಾ?” ಡಾಕ್ಟರು ಕೇಳಿದರು.

ಬಾಯಿ ಹೇಳಿಸಿಕೊಂಡ ಪಾಠವನ್ನು ತಾನೇ ಒಪ್ಪಿಸಿಬಿಟ್ಟಿತು. “ಏನೂ ಇಲ್ಲ.”

“ಮತ್ತೆ ಕಣ್ಣಲ್ಲಿ ನೀರು?”

“ಹೆಂಡತಿ ನೆನಪಾಯ್ತು, ಡಾಕ್ಟ್ರೇ.”

ಅದು ಸತ್ಯವೇ ಆಗಿತ್ತು. ಡಾಕ್ಟರು ಕಾಗದದ ಮೇಲೆ ಏನೋ ಗೀಚಿ, “ಆಯ್ತು, ಹೋಗಿ,” ಎಂದರು.

“ಭೇಷ್ ರಾಯರೇ!” ಎಂದು ಲೆಕ್ಕಿಗರು ಬೆನ್ನು ತಟ್ಟುವಷ್ಟರಲ್ಲಿ ಮೂಗುರಾಯರು ಮೆಟ್ಟಿಲಿಳಿದಾಗಿತ್ತು. ಪಾಲು ಯಾರಿಗೆ ಬೇಕು ಈಗ? ಸುಳ್ಳು ಹೇಳಿದ್ದಕ್ಕೆ ನಾಳೆಯೇ ಬಂದು ತಪ್ಪೊಪ್ಪಿಕೊಂಡರಾಯಿತು. ಬಸ್ಸಿಗೂ ಕಾಯದೆ, ಬೀದಿಯುದ್ದಕ್ಕೂ ಓಡುನಡಿಗೆಯಲ್ಲಿ, ಎದುರಾದ ನಾಯಿ ಕೂಡ ದಾರಿ ಬಿಡುವಂತೆ ನಡೆದರು.

ಮನೆಯಲ್ಲಿ ಚಪ್ಪಲಿಯನ್ನೂ ಬಿಡದೆ ಮಂಚದ ಕೆಳಗಿಂದ ಟ್ರಂಕು ಎಳೆದರು. ಟೇಪು ಉಗುರಿಗೆ ಸಿಗಲಿಲ್ಲ, ಹಲ್ಲಿನಿಂದ ಕಿತ್ತರು. ಇವತ್ತು ಚೂರೇ ಚೂರು ಎತ್ತುವ ಲೆಕ್ಕಾಚಾರವಿಲ್ಲ. ಮುಚ್ಚಳ ಹಿಂದಕ್ಕೆ ಬಿದ್ದು ಗೋಡೆಗೆ ಬಡಿಯಿತು. ಸ್ವೆಟರನ್ನು ಎರಡೂ ಕೈಯಲ್ಲಿ ಎತ್ತಿ ಮುಖ ಹುದುಗಿಸಿ ಉಸಿರು ಎಳೆದರು.

ಉಣ್ಣೆ ಚುಚ್ಚಿತು. ಅಷ್ಟೇ.

ಇನ್ನೊಮ್ಮೆ ಎಳೆದರು. ಕೊಡವಿ ಎಳೆದರು. ತೋಳುಗಳನ್ನು ಒಳಗುಹೊರಗು ಮಾಡಿ, ಕುತ್ತಿಗೆಯ ಪಟ್ಟಿಯನ್ನು ಮೂಗಿಗೆ ಒತ್ತಿ ಎಳೆದರು. ಕೊನೆಗೆ ಸ್ವೆಟರನ್ನು ಮಂಚದ ಮೇಲೆ, ಹಾಕಿಕೊಂಡವರು ಮಲಗಿದ್ದಾರೇನೋ ಎಂಬಂತೆ ಹರವಿ, ಅದರ ಪಕ್ಕದಲ್ಲಿ ಕೂತರು. ಕಿಟಕಿ ತೆರೆದೇ ಇತ್ತು.

ಸಂಜೆ ಲೆಕ್ಕಿಗರೂ ಮೆಕ್ಯಾನಿಕ್ಕನೂ ಬಂದು ಬಾಗಿಲಲ್ಲಿ ನಿಂತರು. ಕುತ್ತಿಗೆಯ ಪಟ್ಟಿ ಲೆಕ್ಕಿಗರ ಕೈಯಲ್ಲಿತ್ತು. ಮೆಕ್ಯಾನಿಕ್ ಊರುಗೋಲನ್ನು ಎಲ್ಲೋ ಮರೆತು ಬಂದಿದ್ದ.

“ರಾಯರೇ, ಕೆಲಸ ಕೆಟ್ಟಿತು,” ಎಂದರು ಲೆಕ್ಕಿಗರು. “ನಮ್ಮ ಮೂವರದ್ದೂ ಒಪ್ಪಿಕೊಂಡ್ರು. ನಿಮ್ಮದನ್ನ ಮಾತ್ರ... ಆ ಕೊನೇ ಬಾಟಲಿ ಇತ್ತಲ್ಲ, ಅದು ಅಮೋನಿಯಾ ಅಂತೆ. ಅದು ವಾಸನೆ ಅಲ್ಲವಂತೆ, ಉರಿಯಂತೆ. ವಾಸನೆ ಸತ್ತವರಿಗೂ ಆ ಉರಿ ತಾಕೇ ತಾಕುತ್ತಂತೆ. ನಿಜವಾಗಿ ಮೂಗು ಹೋದವನು ‘ಅಯ್ಯೋ, ಉರಿ’ ಅಂತ ಕೂಗ್ತಾನೆ. ‘ಏನೂ ಇಲ್ಲ’ ಅನ್ನೋನು ಸುಳ್ಳುಗಾರ ಮಾತ್ರವಂತೆ.”

ಮೂಗುರಾಯರು ಸ್ವೆಟರಿನಿಂದ ಕಣ್ಣು ತೆಗೆಯಲಿಲ್ಲ. ಹಾಗಾದರೆ ಬಂದದ್ದು ಮೂಗಲ್ಲ, ಬರೀ ಉರಿ.

“ನಿಮ್ಮ ಪಾಲನ್ನ ನಮಗೇ ಹಂಚ್ತಾರಂತೆ,” ಎಂದ ಮೆಕ್ಯಾನಿಕ್, ನೆಲ ನೋಡುತ್ತ. “ನಾವು ಕೇಳಿದ್ದಲ್ಲ, ರಾಯರೇ. ನಿಮ್ಮಾಣೆ.”

“ಇನ್ನೊಂದು ವಿಷಯ,” ಲೆಕ್ಕಿಗರು ಗಂಟಲು ಸರಿಮಾಡಿಕೊಂಡರು. “ಮೇನೇಜರಿಗೂ ಗೊತ್ತಾಗಿದೆ. ‘ಡಾಕ್ಟರೇ ಮೂಗು ಸರಿ ಇದೆ ಅಂದ ಮೇಲೆ ರಜೆ ಯಾಕೆ, ನಾಳೆಯಿಂದ ಬಂದು ಸೋಪು ಮೂಸಲಿ’ ಅಂದ್ರು.”

ಅಷ್ಟರಲ್ಲಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಅಕ್ಕ ಇಬ್ಬರನ್ನೂ ಸರಿಸಿ ಒಳಗೆ ಕಾಲಿಟ್ಟವಳು, ಗಕ್ಕನೆ ನಿಂತಳು. ಎರಡೂ ಕೈಗಳು ಆರೋಗ್ಯವಾಗಿ ಎದೆಯ ಮೇಲೆ ಬಂದು ಕೂತವು.

“ಅಯ್ಯೋ, ರಾಯರೇ!” ಎಂದಳು. “ನಿಮ್ಮ ಮನೆಯವರು ಒಳಗೇ ಇದ್ದಾರೆ ಅನ್ನಿಸಿಬಿಡ್ತು! ಅಳತೆ ಕೊಡೋಕೆ ಬಂದಾಗೆಲ್ಲ ಇದೇ ವಾಸನೆ... ಮಿಷನ್ ಎಣ್ಣೆ, ಕಿತ್ತಳೆ ಸಿಪ್ಪೆ... ಮನೆ ತುಂಬಾ ಹರಡಿದೆಯಲ್ಲ!”

ಆ ದಿನ ಬೆಳಗ್ಗಿನಿಂದ ಅವಳ ಬಾಯಿಂದ ಬಂದ ಮೊದಲ ಸತ್ಯ ಅದು. ಅವಳು ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡಳು.

ಮೂಗುರಾಯರು ದಡಬಡಿಸಿ ಎದ್ದು ಕಿಟಕಿ ಹಾಕಿದರು. ಬಾಗಿಲಲ್ಲಿದ್ದವರನ್ನು ಒಳಗೆಳೆದುಕೊಂಡು ಬಾಗಿಲನ್ನೂ ಹಾಕಿದರು. ಆಮೇಲೆ ಅವಳೆದುರು ನಿಂತು ಕೈಮುಗಿದರು.

“ಅಕ್ಕಾ, ಸ್ವಲ್ಪ ಮೆಲ್ಲಗೆ ಉಸಿರಾಡಿ. ಮುಗಿದುಹೋಗುತ್ತೆ.”