ಚಕ್ಕಡಿಯಲ್ಲಿ ಬಂದ ಮನೆ

ನಮ್ಮ ಮಾವನವರ ಎದುರಿಗೆ ಯಾರೂ ಹಗುರವಾಗಿ ಬಾಯಿ ಬಿಡುವಂತಿರಲಿಲ್ಲ! ಅವರೇನು ಸಿಟ್ಟಿನವರಲ್ಲ. ಸಿಟ್ಟಿನವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಎರಡು ಮಾತು ಬೈದು ಸುಮ್ಮನಾಗುತ್ತಿದ್ದರು. ಅವರ ರೋಗವೇ ಬೇರೆ. ಯಾರು ಏನು ಹೇಳಿದರೂ ಅದನ್ನು ಮಾಡಿಯೇ ಬಿಡುತ್ತಿದ್ದರು.

ನಂಬಿಕೆ ಬರುವುದಿಲ್ಲವೇ? ಕೇಳಿ. ಅವರು ನಮ್ಮ ಅತ್ತೆಯನ್ನು, ಅಂದರೆ ನಮ್ಮಪ್ಪನ ತಂಗಿಯನ್ನು, ಮದುವೆಯಾಗಿ ಮೊದಲ ಸಲ ಗುಲಬರ್ಗಾದ ನಮ್ಮ ಮನೆಗೆ ಬಂದಿದ್ದರಂತೆ. ಹೊಸ ಬೀಗರಿಗೆ ಎಲ್ಲರೂ ಹೇಳುವ ಹಾಗೆ ಅಪ್ಪನೂ, ಇದು ನಿಮ್ಮ ಮನೆಯೇ ಅಂತ ತಿಳಿದುಕೊಳ್ಳಿ ಅಂದರಂತೆ. ಮರುದಿನ ಬೆಳಗ್ಗೆ ಅಜ್ಜಿ ಎದ್ದು ನೋಡಿದರೆ, ಹೊಸ ಅಳಿಯ ಧೋತರ ಎತ್ತಿ ಕಟ್ಟಿಕೊಂಡು ಪಡಸಾಲೆಯ ಗೋಡೆಗೆ ಸುಣ್ಣ ಹೊಡೆಯುತ್ತಿದ್ದಾರೆ! ಅಜ್ಜಿ ಹೌಹಾರಿ ಇದೇನು ಅಂತ ಕೇಳಿದ್ದಕ್ಕೆ, "ನಮ್ಮನಿ ಗ್ವಾಡಿ ಭಾಳ ಹೊಲಸಾಗಿತ್ರಿ" ಅಂದರಂತೆ.

ಅಂಥವರ ಎದುರಿಗೆ ನಮ್ಮತ್ತೆ ಒಂದು ಮಾತು ಆಡಿಬಿಟ್ಟಳು. ಆ ಮಾತಿನ ಕಥೆಯೇ ಇದು.

ರಜಾಕಾರರ ಗಲಾಟೆಯಲ್ಲಿ ಮಾವ, ಅತ್ತೆ ಇಬ್ಬರೂ ಕಮಲಾಪುರದ ಮನೆ ಬಿಟ್ಟು ಉಟ್ಟ ಬಟ್ಟೆಯಲ್ಲಿ ಸೊಲ್ಲಾಪುರದ ಕಡೆಗೆ ಓಡಿಹೋಗಿದ್ದರು. ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಆಟ ನಿಂತು, ತಿರುಗಿ ಬಂದು ನೋಡಿದರೆ ಮನೆ ಇರಲಿಲ್ಲ. ಸುಟ್ಟ ನಾಲ್ಕು ಗೋಡೆ ಇದ್ದವು, ನಡುವೆ ಬೂದಿ ಇತ್ತು. ಮಕ್ಕಳಿಲ್ಲದ ಅತ್ತೆ ಹನ್ನೊಂದು ವರ್ಷ ಆ ಮನೆಯನ್ನೇ ಮಗುವಿನ ಹಾಗೆ ತೊಳೆದು ಬಳಿದು ಸಾಕಿದ್ದಳು. ಆವತ್ತು ಅವಳು ಅಳಲಿಲ್ಲ. ಬಂದ ಗಾಡಿಯಲ್ಲೇ ಗುಲಬರ್ಗಾಕ್ಕೆ ಬಂದು, ಕೋಟೆಯ ಹತ್ತಿರದ ನಮ್ಮ ಮನೆಯಲ್ಲಿ ನನ್ನ ಕೋಣೆ ಸೇರಿದಳು. ಮಾವ ಕಮಲಾಪುರದಲ್ಲೇ ಅಣ್ಣನ ಮನೆಯಲ್ಲಿ ಉಳಿದು ಬಾಳೆತೋಟ ನೋಡಿಕೊಂಡರು.

ಆಮೇಲೆ ಎರಡು ವರ್ಷ ಒಂದೇ ನಾಟಕ. ಮಾವ ವಾರಕ್ಕೊಮ್ಮೆ ಕೆಂಪು ಬಾಳೆಗೊನೆ ಹೊತ್ತುಕೊಂಡು ಬರುವುದು, ಹೊಸ ಮನೆ ಕಟ್ಟಿಸುತ್ತೇನೆ ನಡೆ ಅನ್ನುವುದು, ಅತ್ತೆ ಒಲ್ಲೆ ಅನ್ನುವುದು, ಮಾವ ಬರಿಗೈಯಲ್ಲಿ ಹೋಗುವುದು. ಬಾಳೆಹಣ್ಣು ತಿಂದು ತಿಂದು ನಾವೆಲ್ಲ ಉಬ್ಬಿದೆವೇ ಹೊರತು ಸಂಸಾರ ಮಾತ್ರ ಒಂದಾಗಲಿಲ್ಲ. ಕೊನೆಗೆ ಒಂದು ದಿನ ಅತ್ತೆ ರೇಗಿದಳು.

"ಬಿಟ್ಟು ಓಡೋ ಮನಿ ನನಗ ಬ್ಯಾಡ್ರಿ. ಓಡೂಮುಂದ ಸಂಗಾಟ ಹೊತ್ಕೊಂಡು ಹೋಗಾಕ ಬರೋ ಮನಿ ಇದ್ರ ಹೇಳ್ರಿ, ಬರ್ತೀನಿ."

ಮಾವ ಹೆಗಲ ಮೇಲಿನ ಗೊನೆ ಕೆಳಗಿಟ್ಟು ಕೇಳಿದರು: "ಎಷ್ಟು ಖೋಲಿ ಬೇಕು?"

ಅಪ್ಪ ನಕ್ಕರು, ಅಮ್ಮ ಸೆರಗಿನಲ್ಲಿ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಅತ್ತೆಯ ಪಕ್ಕದಲ್ಲಿ ಎರಡು ವರ್ಷ ಮಲಗಿದವಳು ನಾನು. ಬೀದಿಯಲ್ಲಿ ಯಾರಾದರೂ ಜೋರಾಗಿ ಓಡಿದರೆ ಸಾಕು, ಅವಳ ಕೈಯಲ್ಲಿದ್ದ ಮೊರ ಜಾರಿ ಬೀಳುತ್ತಿತ್ತು. ಅವಳು ಚೇಷ್ಟೆಗೆ ಆಡಿದ ಮಾತಲ್ಲ ಅದು.

ಆಗಿನ್ನೂ ಸೇಡಂ ರಸ್ತೆಯ ಬಯಲಿನಲ್ಲಿ ಮಿಲಿಟರಿಯವರು ಬೀಡುಬಿಟ್ಟಿದ್ದರು. ಲಾರಿಯಿಂದ ಹಲಗೆ, ತಗಡು ಇಳಿಸಿ, ಬೋಲ್ಟು ತಿರುವಿ, ಬೆಳಗ್ಗೆ ಬಯಲಾಗಿದ್ದ ಜಾಗದಲ್ಲಿ ಸಂಜೆಗೆ ಒಂದು ಮನೆ ಎಬ್ಬಿಸಿ, ಅದರೊಳಗೆ ಕೂತು ಚಹಾ ಕುಡಿಯುತ್ತಿದ್ದರು. ಮಾವ ಹೋಗಿ ಬೇಲಿ ಹಿಡಿದು ನಿಂತರು. ಪಹರೆಯವನು ಯಾರು, ಏನು ಅಂತ ಗದರಿಸಿದರೆ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಠೀವಿಯಲ್ಲಿ, ಮನೆ ನೋಡಲು ಬಂದಿದ್ದೇನೆ ಅಂದರಂತೆ. ಎರಡು ದಿನ ಓಡಿಸಿದರು. ಮೂರನೆಯ ದಿನ ಅವರಿಗೇ ಬೇಸರವಾಗಿ ಒಳಗೆ ಕರೆದು, ಚಹಾ ಕೊಟ್ಟು, ಒಂದು ಬೋಲ್ಟು ತಿರುವಲು ಬಿಟ್ಟರು. ಆ ದಿನ ಮನೆಗೆ ಬಂದ ಮಾವನ ಮುಖ ನೋಡಬೇಕಿತ್ತು! ಕೋಟೆ ಗೆದ್ದವರೂ ಅಷ್ಟು ಮೆರೆದಿರಲಿಕ್ಕಿಲ್ಲ.

ಮರುವಾರ ನಮ್ಮ ಅಂಗಳದಲ್ಲಿ ನಕ್ಷೆ ಬಿತ್ತು. ಕಾಗದದ ಮೇಲಲ್ಲ! ಕಾಗದದಲ್ಲಿ ಮನೆ ಚಿಕ್ಕದಾಗಿ ಕಾಣುತ್ತದಂತೆ. ರಂಗೋಲಿ ಪುಡಿಯಲ್ಲಿ ಇಡೀ ಮನೆಯನ್ನು ಇದ್ದಷ್ಟೇ ಉದ್ದ, ಇದ್ದಷ್ಟೇ ಅಗಲ ಎಳೆದರು. ಪಡಸಾಲೆ, ಅಡುಗೆಮನೆ, ದೇವರ ಜಗಲಿ, ಎಲ್ಲ. ಅಮ್ಮ ಕೊಡ ಹೊತ್ತುಕೊಂಡು ಎಂದಿನಂತೆ ಅಂಗಳ ದಾಟಿದಳು. ಮಾವ ನಡುವೆ ತಡೆದರು.

"ವೈನಿ, ಗ್ವಾಡ್ಯಾಗಿಂದ ಬರಬ್ಯಾಡ್ರಿ. ಬಾಗಲಾ ಆ ಕಡಿ ಅದ."

ಅಮ್ಮ ತುಂಬಿದ ಕೊಡದ ಸಮೇತ ಸುತ್ತು ಹಾಕಿ, ಇಲ್ಲದ ಬಾಗಿಲಿನಿಂದ ಒಳಗೆ ಬಂದಳು. ಅಷ್ಟೇ ಅಲ್ಲ, ಇಲ್ಲದ ಚೌಕಟ್ಟಿಗೆ ತಲೆ ಬಗ್ಗಿಸಿಯೂ ಬಂದಳು! ಮಾವನ ಹುಚ್ಚು ಅಂಟುರೋಗ ಅಂತ ನನಗೆ ಆವತ್ತೇ ಗೊತ್ತಾದದ್ದು.

ಅತ್ತೆ ಕೋಣೆಯ ಕಿಟಕಿಯಿಂದ ಇದನ್ನೆಲ್ಲ ನೋಡಿದಳು. ಮರುದಿನ ಬೆಳಗ್ಗೆ ನೋಡಿದರೆ ಅಡುಗೆಮನೆಯ ಗೆರೆ ಒಂದು ಮೊಳ ಆಚೆಗೆ ಸರಿದಿತ್ತು. ಮಾವ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತುಂಬ ಹೊತ್ತು ನೋಡಿದರು. ಇದನ್ನು ಯಾರು ಸರಿಸಿದ್ದು ಅಂತ ನನ್ನನ್ನು ಮೆಲ್ಲಗೆ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊಸ ಗೆರೆಯನ್ನೇ ಅಳೆದುಕೊಂಡು ಹೊರಟರು.

ಮನೆ ತಯಾರಾಗುವ ಕಾರ್ಖಾನೆ ದರ್ಗಾ ಇರುವ ರೋಜಾ ಓಣಿಯ ಹತ್ತಿರ. ಕಾರ್ಖಾನೆ ಅಂದರೆ ಚಿಮಣಿ, ಹೊಗೆ ಅಂತ ಏನೇನೋ ಊಹಿಸಬೇಡಿ. ಒಬ್ಬ ಮುದುಕ ಮಿಸ್ತ್ರಿ, ಅವನ ಕೈಕೆಳಗೆ ನಾಲ್ಕು ಬಡಗಿಗಳು, ಮೇಲೊಂದು ತಗಡಿನ ಚಪ್ಪರ. ಅಲ್ಲಿ ಮಾವ ಒಂದೇ ಒಂದು ಕರಾರು ಹಾಕಿದರು: ಮನೆಯ ಯಾವ ತುಂಡೂ ಗಂಡ ಹೆಂಡತಿ ಇಬ್ಬರು ಎತ್ತಲಾರದಷ್ಟು ಭಾರ ಇರಕೂಡದು. ಅತ್ತೆ ಕಾರ್ಖಾನೆಗೆ ಬರುವವಳಲ್ಲ. ಹಾಗಾದರೆ ಅವಳ ಪರವಾಗಿ ಎತ್ತಿ ನೋಡುವವರು ಯಾರು? ಅತ್ತೆಯದೇ ಮೈಕಟ್ಟು ನನ್ನದು. ಸಿಕ್ಕಿಬಿದ್ದೆ! ಒಂದು ಕಡೆ ಮಾವ, ಇನ್ನೊಂದು ಕಡೆ ನಾನು. ಗೋಡೆ ಎತ್ತಿದೆ, ಬಾಗಿಲು ಎತ್ತಿದೆ, ಇಳಿಸಿದೆ. ನಾನು ಉಸ್ಸೆಂದರೆ ಸಾಕು, ಮಾವ ಆ ತುಂಡನ್ನು ಎರಡು ಮಾಡಿಸುತ್ತಿದ್ದರು. ಹತ್ತು ತುಂಡಿನ ಮನೆ ನನ್ನ ಉಸಿರಿನ ದೆಸೆಯಿಂದ ಇಪ್ಪತ್ತೆರಡು ತುಂಡಾಯಿತು. ಅದೇ ಹೊತ್ತಿಗೆ ನನ್ನ ಮದುವೆಯ ಮಾತು ನಡೆದಿತ್ತು. ನೋಡಲು ಬಂದ ನನ್ನ ಅತ್ತೆಯಾಗುವವರು ಬೊಬ್ಬೆ ಎದ್ದ ಅಂಗೈ ಕಂಡು ಹುಬ್ಬು ಗಂಟು ಹಾಕಿದರು. ಅಮ್ಮ ಗಾಬರಿಯಲ್ಲಿ ನಿಜವನ್ನೇ ಹೇಳಿಬಿಟ್ಟಳು: ದಿನಾ ಗೋಡೆ ಎತ್ತಲು ಹೋಗುತ್ತಾಳೆ ಅಂತ. ಅವರು ಅಲ್ಲೇ ಒಪ್ಪಿಕೊಂಡು ಹೋದರು. ಗಟ್ಟಿ ಸೊಸೆ ಅಂತ ಲೆಕ್ಕ ಹಾಕಿರಬೇಕು!

ಇಷ್ಟೊಂದು ತುಂಡು ಯಾಕೆ ಅಂತ ಮಿಸ್ತ್ರಿ ಒಂದು ದಿನ ಕೇಳಿದ. ಮಾವ ಅತ್ತೆಯ ಮಾತನ್ನು ಹಾಗೆಯೇ ಒಪ್ಪಿಸಿದರು. ಮಿಸ್ತ್ರಿ ಉಜ್ಜುತ್ತಿದ್ದ ಕೈ ನಿಲ್ಲಿಸಿದ. ಆ್ಯಕ್ಷನ್ ಆದ ಮೇಲೆ, ರಜಾಕಾರರ ಮೇಲಿನ ಸೇಡನ್ನು ಜನ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಂಡ ದಿನಗಳಲ್ಲಿ, ಹಳ್ಳಿಯಲ್ಲಿದ್ದ ಅವನ ಅಣ್ಣನ ಮನೆಯೂ ಸುಟ್ಟಿತ್ತಂತೆ. ಅಣ್ಣನ ಹೆಂಡತಿ, ಮಕ್ಕಳು ಇವನ ಮನೆಯಲ್ಲೇ ಇದ್ದರಂತೆ.

"ಇಂಥಾದ್ದೊಂದು ನಮಗೂ ಬೇಕಿತ್ರಿ, ಸಾವ್ಕಾರ" ಅಂದ.

ಯಾರು ಏನು ಹೇಳಿದರೂ ಮಾಡಿಬಿಡುವ ಮಾವನಿಗೆ ಆ ಮಾತಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹೋಗಿ ಅವನ ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡು ಕೂತರು. ಅಂದಿನಿಂದ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣತೊಡಗಿದರು.

ತುಂಡುಗಳನ್ನು ಗುರುತಿಸಬೇಕಲ್ಲ. ಮಿಸ್ತ್ರಿ ಬರೆಯುವುದು ಉರ್ದು, ಮಾವನ ಕನ್ನಡ ಅವರಿಗೇ ಓದಲು ಬಾರದು, ಕಮಲಾಪುರದ ಆಳುಗಳಿಗೆ ಎರಡೂ ಬಾರದು. ಅದಕ್ಕೆ ಮಾವ ಚಿತ್ರ ಬರೆದರು. ಎಮ್ಮೆಯ ಪಕ್ಕಕ್ಕೆ ಎಮ್ಮೆ, ಚೇಳಿನ ಪಕ್ಕಕ್ಕೆ ಚೇಳು ಸೇರಿಸಿದರೆ ಗೋಡೆ ಕೂಡಬೇಕು. ಆದರೆ ಮಾವ ಬರೆದ ಎಮ್ಮೆಗೂ ಆನೆಗೂ ಏನು ವ್ಯತ್ಯಾಸ? ದೇವರಿಗೇ ಗೊತ್ತು! ಹೀಗಾಗಿ ಕಾರ್ಖಾನೆಯಲ್ಲೇ ಮೊದಲ ಸಲ ಜೋಡಿಸಿದಾಗ ಅಡುಗೆಮನೆಯ ಕಿಟಕಿ ದೇವರ ಜಗಲಿಗೆ ಬಂದಿತ್ತು.

ಆದರೆ ನಿಜವಾದ ಎಡವಟ್ಟು ನಡೆದದ್ದು ಕಮಲಾಪುರದಲ್ಲಿ. ನಮ್ಮ ಕಡೆ ಮನೆ ಕಟ್ಟುವ ಮುಂಚೆ ಆಯ ನೋಡುತ್ತಾರೆ. ಯಜಮಾನನ ಕೈಯ ಮೊಳದಲ್ಲಿ ಉದ್ದ ಅಗಲ ಅಳೆದು, ಲೆಕ್ಕ ಕೂಡಿದರೆ ಮಾತ್ರ ಗುದ್ದಲಿ. ಮಾವ ಕಾರ್ಖಾನೆಯಲ್ಲಿ ತಮ್ಮ ಮೊಳದಿಂದ ಹದಿನೇಳು ಮೊಳ ಉದ್ದ, ಹನ್ನೊಂದು ಮೊಳ ಅಗಲದ ಮನೆ ಮಾಡಿಸಿದರು. ಸುಟ್ಟ ಗೋಡೆ ಕೆಡವಿ ಅದೇ ಜಾಗದಲ್ಲಿ ಅಷ್ಟೇ ಅಳತೆಗೆ ತಳಪಾಯ ಹಾಕಿಸಲು ಅಣ್ಣನಿಗೆ ಹೇಳಿ ಕಳಿಸಿದರು. ಬೂದಿಯನ್ನು ಮಾತ್ರ ಯಾರೂ ಮುಟ್ಟಕೂಡದು ಅಂತ ಮೊದಲೇ ತಾವೇ ಬುಟ್ಟಿಯಲ್ಲಿ ಹೊತ್ತು ತೋಟದ ಬಾಳೆಬುಡಕ್ಕೆ ಹಾಕಿ ಬಂದಿದ್ದರು. ಅಣ್ಣ ಯೋಚಿಸಿದರು: ಮನೆತನಕ್ಕೆ ಹಿರಿಯ ನಾನು, ಯಜಮಾನನೂ ನಾನೇ. ತಮ್ಮದೇ ಮೊಳದಿಂದ ಹದಿನೇಳು, ಹನ್ನೊಂದು ಅಳೆದು ಕಲ್ಲು ಕೂರಿಸಿಬಿಟ್ಟರು. ನಮ್ಮ ಮಾವ ಗಿಡ್ಡ. ಅವರಣ್ಣನೋ, ಬಾಗಿಲುಗಳ ಜನ್ಮವೈರಿ!

ಆರು ಚಕ್ಕಡಿಯಲ್ಲಿ ಮನೆ ಕಮಲಾಪುರಕ್ಕೆ ಹೊರಟಿತು. ದಾರಿಯುದ್ದಕ್ಕೂ ಜನ, ಏನು ಒಯ್ಯುತ್ತಿದ್ದೀರಿ ಅಂತ ಕೇಳುವುದು, ಮಾವ "ಮನಿ" ಅನ್ನುವುದು. ಮಿಸ್ತ್ರಿಯೂ ಜೊತೆಗೆ ಹೋಗಿ ಎರಡು ದಿನದಲ್ಲಿ ಜೋಡಿಸಿ ನಿಲ್ಲಿಸಿದ. ನೋಡಿದರೆ, ಅಪ್ಪನ ಅಂಗಿ ತೊಟ್ಟ ಮಗನ ಹಾಗೆ, ದೊಡ್ಡ ತಳಪಾಯದ ನಡುವೆ ಸಣ್ಣ ಮನೆ! ಹಿರಿಯ ನಾನಿರುವಾಗ ನಿನ್ನ ಮೊಳ ಯಾವ ಲೆಕ್ಕದ್ದು ಅಂತ ಅಣ್ಣ ಗುಡುಗಿದರು. ಮಾವ ಮಾತ್ರ ಮನೆಯ ಸುತ್ತ ಉಳಿದ ಕಲ್ಲಿನ ಮೇಲೆ ಒಮ್ಮೆ ಕೂತು ನೋಡಿ, ಸುತ್ತಲೂ ಪುಕ್ಕಟೆ ಕಟ್ಟೆ ಆಯಿತಲ್ಲ ಅಂತ ಖುಷಿಪಟ್ಟರಂತೆ.

ಗೃಹಪ್ರವೇಶದ ದಿನ ಅತ್ತೆಯನ್ನು ಕರೆದುಕೊಂಡು ನಾವೆಲ್ಲ ಹೋದೆವು. ನೋಡಿ ಬರುತ್ತೇನೆ ಅಷ್ಟೇ, ಇರುವುದಿಲ್ಲ ಅಂತ ಹೇಳಿಯೇ ಅವಳು ಗಾಡಿ ಹತ್ತಿದ್ದಳು. ಊರಿಗೆ ಊರೇ ನೆರೆದಿತ್ತು. ಸ್ವಾಮಿಗಳು ಆಗಲೇ ಬಂದು ಕೂತಿದ್ದರು. ಅತ್ತೆ ಕಟ್ಟೆ ಹತ್ತಲಿಲ್ಲ. ಕೆಳಗಿನಿಂದಲೇ ಮನೆಯ ಸುತ್ತ ಒಂದು ಸುತ್ತು ಬಂದಳು. ಎಮ್ಮೆ ನೋಡಿದಳು, ಚೇಳು ನೋಡಿದಳು, ಒಂದು ಬೋಲ್ಟಿನ ಮೇಲೆ ಬೆರಳಿಟ್ಟಳು. ಆಮೇಲೆ ಮಾವನ ಮುಂದೆ ಬಂದು ನಿಂತಳು.

"ಬಿಚ್ಚಿ ತೋರಸ್ರಿ."

ಮಾವನ ಅಣ್ಣ ಮುಹೂರ್ತ ಮೀರುತ್ತದೆ ಅಂತ ಕೂಗಾಡಿದರು. ಮಿಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ನನಗಂತೂ ಅತ್ತೆಯ ಮೇಲೆ ಸಿಟ್ಟೇ ಬಂತು. ಹೂವಿನ ಮಾಲೆ ಹಾಕಿದ ಮನೆಯನ್ನು ಯಾರಾದರೂ ಬಿಚ್ಚುತ್ತಾರೆಯೇ?

ಮಾವ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಂಡರು.

ಮೊದಲು ತಗಡು ಇಳಿಯಿತು. ಆಮೇಲೆ ಗೋಡೆ. ಆಳುಗಳು ಕೈ ಹಚ್ಚಲು ಬಂದರೆ ಮಾವ ಬೇಡ ಅಂದರು. ಗೋಡೆಯ ಒಂದು ತುದಿ ತಾವು ಹಿಡಿದು ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ತುದಿ ಹಿಡಿದಳು. ಗಂಡ ಹೆಂಡತಿ ಇಬ್ಬರೇ ಇಪ್ಪತ್ತೆರಡು ತುಂಡನ್ನೂ ಒಂದೊಂದಾಗಿ ಹೊತ್ತು ಅಲ್ಲೇ ನಿಂತಿದ್ದ ಚಕ್ಕಡಿಗಳಿಗೆ ಹೇರಿದರು. ಜನರ ನಗು ಹತ್ತನೆಯ ತುಂಡಿಗೇ ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಬರೀ ತಳಪಾಯ ಉಳಿಯಿತು.

ಮಾವ ಮುಂದಿನ ಚಕ್ಕಡಿಯ ಹಗ್ಗ ಹಿಡಿದುಕೊಂಡು, ಮುಖದ ಬೆವರು ಒರೆಸಿ ಕೇಳಿದರು: "ಎಲ್ಲಿಗೆ ಹೋಗೋಣು ಹೇಳು."

ಚೇಷ್ಟೆಯಲ್ಲ. ಅವಳು ಯಾವ ಊರಿನ ಹೆಸರು ಹೇಳಿದ್ದರೂ ಆ ಕ್ಷಣವೇ ಎತ್ತು ಹೂಡುತ್ತಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅತ್ತೆ ಹೇರಿದ ಚಕ್ಕಡಿಗಳನ್ನು ನೋಡಿದಳು, ಮಾವನ ಕೈ ನೋಡಿದಳು. ಎರಡು ವರ್ಷದಿಂದ ಅಳದವಳು ಅಷ್ಟು ಜನರ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಹಿಡಿದುಕೊಳ್ಳಲು ಹೋದರೆ ಕೈ ಬಿಡಿಸಿಕೊಂಡು ಕಟ್ಟೆ ಹತ್ತಿದಳು. ಅಡುಗೆಮನೆ ಇದ್ದ ಜಾಗಕ್ಕೆ ಹೋಗಿ, ಅಲ್ಲೇ ಬಿದ್ದಿದ್ದ ಮೂರು ಕಲ್ಲು ಕೂಡಿಸಿ ಒಲೆ ಮಾಡಿದಳು. ನಾನು ಓಡಿಹೋಗಿ ಕಟ್ಟಿಗೆ ತಂದುಕೊಟ್ಟೆ. ಗೋಡೆಯಿಲ್ಲದ, ಮೇಲೆ ತಗಡಿಲ್ಲದ ಆ ಬಯಲಿನಲ್ಲಿ ಒಲೆ ಹೊತ್ತಿಕೊಂಡಿತು.

"ಎಲ್ಲಿಗೂ ಬ್ಯಾಡ್ರಿ" ಅಂದಳು ಅತ್ತೆ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ. "ಗ್ವಾಡಿ ಆಮ್ಯಾಲ ನಿಲ್ಲಸ್ರಿ. ಮೊದಲ ಉಣ್ಣಾಕ ಬರ್ರಿ."