ಷರತ್ತು ನಾಲ್ಕು ಮತ್ತು ಹಿತ್ತಾಳೆ ಡಬ್ಬಿ

ನಾನು ಜೇವರ್ಗಿಯಲ್ಲಿ ವಕೀಲ. ಊರವರ ಹೊಲ, ಮನೆ, ಬಾವಿ, ಬದು ಯಾರಿಗೆ ಸೇರಿದ್ದು ಎಂದು ಕಾಗದದ ಮೇಲೆ ಸಾಬೀತು ಮಾಡಿ ತೋರಿಸುವುದೇ ನನ್ನ ಕಸುಬು. ಒಂದು ವಸ್ತು ಯಾರದ್ದು ಎಂಬ ವಿಷಯದಲ್ಲಿ ಈ ತಾಲ್ಲೂಕಿನಲ್ಲಿ ನನಗಿಂತ ಬಲ್ಲವರಿಲ್ಲ ಎಂದು ನಾನು ನಂಬಿದ್ದೆ. ನನ್ನ ಹೆಂಡತಿ ಸುಜಾತಾ ಮಾತ್ರ ನಂಬಿರಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸ್. ರೋಗಿ ಹೇಳಿದ್ದನ್ನು ನಂಬದೆ ನಾಡಿ ಹಿಡಿದು ನೋಡುವ ಅಭ್ಯಾಸ.

ಒಂದು ದಿನ ನಮ್ಮ ಊರಿನ ಒಂದು ಸರ್ಕಾರಿ ಕಚೇರಿಯಿಂದ ನನಗೆ ಕರೆ ಬಂತು. ಕಚೇರಿಯ ಹೆಸರು ಹೇಳುವುದಿಲ್ಲ, ಏಕೆಂದರೆ ಮುಂದೆ ನಡೆದದ್ದರಲ್ಲಿ ಅದರ ತಪ್ಪು ಒಂದಿಷ್ಟೂ ಇಲ್ಲ. ಬಸ್‌ಸ್ಟ್ಯಾಂಡು, ಸಂತೆ, ಕಟ್ಟೆಗಳಲ್ಲಿ ಜನ ಮರೆತುಹೋದ ಸಾಮಾನುಗಳು ಅವರ ಉಗ್ರಾಣದಲ್ಲಿ ತುಂಬಿಹೋಗಿದ್ದವು. ಜೊತೆಗೆ ಕಚೇರಿಗೇ ಹೆಚ್ಚಾದ ಮೂರು ಕಾಲಿನ ಕುರ್ಚಿಗಳು. ಎಲ್ಲವನ್ನೂ ಹರಾಜು ಹಾಕಬೇಕು, ಅದಕ್ಕೆ ಷರತ್ತುಗಳನ್ನು ಬರೆದುಕೊಡಬೇಕು, ಪಂಚನಾಗಿ ನಿಂತು ಸಾಕ್ಷಿ ಸಹಿಯನ್ನೂ ಹಾಕಬೇಕು ಎಂದು ಅಲ್ಲಿನ ಸಾಹೇಬರು ಕೇಳಿಕೊಂಡರು.

ಎರಡು ದಿನ ಕೂತು ಹನ್ನೊಂದು ಷರತ್ತು ಬರೆದೆ. ನಾಲ್ಕನೆಯದರ ಮೇಲೆ ನನಗೆ ವಿಶೇಷ ಪ್ರೀತಿ. 'ವಸ್ತುವಿನ ಮೇಲೆ ಯಾವುದೇ ವ್ಯಕ್ತಿಯ ಹೆಸರು ಇದ್ದಲ್ಲಿ, ಸದರಿ ವ್ಯಕ್ತಿಯೇ ಖುದ್ದಾಗಿ ಹಾಜರಾಗಿ, ಗುರುತಿನ ಚೀಟಿ ತೋರಿಸಿ, ವಸ್ತು ತನ್ನದೆಂದು ಹೇಳಿಕೆ ನೀಡತಕ್ಕದ್ದು. ಬೇರೆ ಯಾರ ಬಾಯಿಮಾತನ್ನೂ ಪರಿಗಣಿಸಲಾಗುವುದಿಲ್ಲ.' ಏಳನೆಯದೂ ಚೆನ್ನಾಗಿತ್ತು: 'ಪಂಚರು ಮತ್ತು ಅವರ ಕುಟುಂಬದವರು ಹರಾಜಿನಲ್ಲಿ ಕೂಗತಕ್ಕದ್ದಲ್ಲ.' ಕಳ್ಳರಿಗೆ ನುಸುಳಲು ಸೂಜಿಯಷ್ಟೂ ಸಂದಿ ಇರಲಿಲ್ಲ. ಕಳ್ಳರಲ್ಲದವರಿಗೂ ಇರಲಿಲ್ಲ!

ಇನ್ನು ಡಬ್ಬಿಯ ವಿಷಯ. ಇದಕ್ಕೆ ಮೂರು ತಿಂಗಳ ಹಿಂದೆ ಒಂದು ಕೇಸಿಗಾಗಿ ಆಳಂದಕ್ಕೆ ಹೋಗಿದ್ದೆ. ಸುಜಾತಾ ಬುತ್ತಿ ಕಟ್ಟುವಾಗ ನನ್ನ ಸ್ಟೀಲ್ ಡಬ್ಬಿಯ ಮುಚ್ಚಳ ಸಿಗಲಿಲ್ಲ. ಅನುಮಾನಿಸುತ್ತಲೇ ತನ್ನ ಅವ್ವನ ಹಿತ್ತಾಳೆ ಡಬ್ಬಿಯನ್ನು ಗೋಡೆಯ ಮಾಡದಿಂದ ಇಳಿಸಿದಳು. ನನ್ನ ಅತ್ತೆ ಕಮಲಾಬಾಯಿ ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವರು. ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದುದು ಅದರಲ್ಲೇ. ಅತ್ತೆ ತೀರಿಕೊಂಡ ಮೇಲೆ ಸುಜಾತಾ ತವರಿನಿಂದ ತಂದುಕೊಂಡದ್ದು ಅದೊಂದನ್ನೇ.

"ಇದು ನಮ್ಮವ್ವಂದ್ರಿ. ಜ್ವಾಕಿ," ಎಂದಳು.

"ಕೋರ್ಟಿನ ಫೈಲ್ ಸಂಭಾಳಿಸೋ ಮನಷ್ಯಾಗ ಡಬ್ಬಿ ಸಂಭಾಳಿಸಾಕ ಬರಂಗಿಲ್ಲೇನು?" ಎಂದೆ.

ಬರಲಿಲ್ಲ. ಸಂಜೆ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಒಬ್ಬ ಕಕ್ಷಿದಾರ ಸಿಕ್ಕ. ಬೆಂಚಿನ ಮೇಲೆ ಡಬ್ಬಿ ಇಟ್ಟು ಅವನಿಗೆ ಆಸ್ತಿ ಹಕ್ಕಿನ ಬಗ್ಗೆ ಅರ್ಧ ಗಂಟೆ ಬೋಧನೆ ಮಾಡಿದೆ. ಫೈಲು ಎತ್ತಿಕೊಂಡು ಮನೆಗೆ ನಡೆದೆ. ಬಾಗಿಲ ಬಳಿ ನೆನಪಾಗಿ ಓಡಿಹೋದರೆ ಬೆಂಚು ಇತ್ತು, ಡಬ್ಬಿ ಇರಲಿಲ್ಲ. ಅಕ್ಕಪಕ್ಕ ವಿಚಾರಿಸಬಹುದಿತ್ತು. ಆದರೆ ವಕೀಲರು ಬುತ್ತಿ ಡಬ್ಬಿ ಹುಡುಕುತ್ತ ಅಲೆಯುತ್ತಿದ್ದಾರೆ ಎಂದರೆ ಜನ ಏನೆಂದಾರು? ಮರ್ಯಾದೆ ದೊಡ್ಡದಾಗಿ ಕಂಡಿತು. ಸುಮ್ಮನೆ ಮನೆಗೆ ಬಂದೆ.

"ಡಬ್ಬಿ ಎಲ್ಲ್ಯದರಿ?"

"ಒಳಗ ಕಲಾಯಿ ಹೋಗಿತ್ತಲ್ಲ. ಕಲಾಯಿ ಹಾಕಾಕ ಕೊಟ್ಟ ಬಂದೇನಿ."

ನ್ಯಾಯಾಲಯದಲ್ಲೂ ಅಷ್ಟು ಸಲೀಸಾಗಿ ನನ್ನ ಬಾಯಿಂದ ಮಾತು ಹೊರಟಿದ್ದಿಲ್ಲ. ಅವಳ ಮುಖ ಅರಳಿತು. ಮಾತು ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶ ಅಲ್ಲಿಗೆ ಮುಗಿಯಿತು.

ಆಮೇಲೆ ಪ್ರತಿ ವಾರ ಅದೇ ಪ್ರಶ್ನೆ. ಕಲಾಯಿಗಾರನಿಗೆ ಮೊದಲು ಜ್ವರ ಬಂತು. ಆಮೇಲೆ ತವರ ಸಿಗಲಿಲ್ಲ. ಆಮೇಲೆ ಅವನ ಮಗಳ ಮದುವೆ ನಿಶ್ಚಯವಾಯಿತು. ಮೂರು ತಿಂಗಳಲ್ಲಿ ಆ ಇಲ್ಲದ ಮನುಷ್ಯನಿಗೆ ತುಂಬು ಸಂಸಾರವನ್ನೇ ಕಟ್ಟಿಕೊಟ್ಟೆ! ಮದುವೆಯ ಸುದ್ದಿ ಕೇಳಿ ಸುಜಾತಾ, "ಪಾಪ, ಹೆಣ್ಣಮಗಳ ಲಗ್ನ, ಇದನ್ನ ಕೊಡ್ರಿ," ಎಂದು ಒಂದು ಹಸಿರು ಖಣ ಕೊಟ್ಟಳು. ಹುಟ್ಟದ ಹುಡುಗಿಯ ಆ ರವಿಕೆ ಖಣ ನನ್ನ ಆಫೀಸಿನ ಕಪಾಟಿನಲ್ಲಿ ಕಾನೂನು ಪುಸ್ತಕಗಳ ಹಿಂದೆ ಮಲಗಿತು. ಕಪಾಟು ತೆರೆದಾಗಲೆಲ್ಲ ಪುಸ್ತಕಗಳನ್ನು ಒತ್ತಾಗಿ ಜೋಡಿಸಿ ಅದನ್ನು ಮರೆಮಾಡುತ್ತಿದ್ದೆ.

ಹೀಗಿರುವಾಗ ಹರಾಜಿಗೆ ಎರಡು ದಿನ ಮೊದಲು, ಸಾಮಾನು ಪಟ್ಟಿ ಮಾಡಲು ಉಗ್ರಾಣಕ್ಕೆ ಹೋದೆ. ಕೀಲಿ ತೆಗೆದವರು ಗುಮಾಸ್ತೆ ಶಾಂತಾ ಮೇಡಂ. ಒಳಗೆ ಕೊಡೆಗಳು, ಒಂಟಿ ಚಪ್ಪಲಿಗಳು, ಶಾಲೆ ಚೀಲಗಳು, ಒಂದು ಕನ್ನಡಕ, ಒಂದು ಊರುಗೋಲು. ಊರುಗೋಲು ಮರೆತವರು ಮನೆಗೆ ನಡೆದು ಹೋದದ್ದಾದರೂ ಹೇಗೆ ಎಂದು ನಾನು ಅಲ್ಲೇ ನಿಂತುಬಿಟ್ಟೆ. ಇಷ್ಟೊಂದು ಜನ ಕೇಳಲು ಬಂದೇ ಇಲ್ಲವಲ್ಲ! ಬೇಡವಾಯಿತೋ, ನನ್ನ ಹಾಗೆ ನಾಚಿಕೆಯಾಯಿತೋ.

ಊರುಗೋಲಿನ ಪಕ್ಕದಲ್ಲಿ ಕೂತಿತ್ತು ಹಿತ್ತಾಳೆ ಡಬ್ಬಿ!

"ಮೇಡಂ, ಇದು ನಂದ್ರಿ!" ಎಂದು ಎತ್ತಿಕೊಂಡು ಬಾಗಿಲ ಕಡೆ ಹೊರಟೇಬಿಟ್ಟೆ.

"ಅಲ್ಲೇ ನಿಂದರ್ರಿ ವಕೀಲ್ ಸಾಹೇಬ್ರ," ಎಂದರು ಮೇಡಂ. ಡಬ್ಬಿಯನ್ನು ಬೆಳಕಿಗೆ ಹಿಡಿದು ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ್ದನ್ನು ಓದಿದರು. "ರತ್ನಾಬಾಯಿ, ಮಣ್ಣೂರ. ನಿಮ್ಮ ಹೆಸರ ರತ್ನಾಬಾಯೇನ್ರಿ?"

"ಅಲ್ರಿ. ಇದು ನಮ್ಮ ಅತ್ತಿದು."

"ಅವರ ಹೆಸರ ರತ್ನಾಬಾಯಿ?"

"ಕಮಲಾಬಾಯ್ರಿ. ಲಗ್ನದಾಗ ಆಯೇರಿ ಕೊಟ್ಟವರ ಹೆಸರ್ರಿ ಅದು. ನಮ್ಮ ಕಡೆ ಪಾತ್ರಿ ಮ್ಯಾಲ ಕೊಟ್ಟವರ ಹೆಸರ ಹಾಕಸ್ತಾರಲ್ರಿ, ನಿಮಗ ಗೊತ್ತಿಲ್ಲೇನು?"

"ನನಗ ಗೊತ್ತದರಿ. ಷರತ್ತು ನಾಲ್ಕಕ್ಕ ಗೊತ್ತಿಲ್ಲ," ಎಂದು ಮೇಡಂ ನನ್ನದೇ ಅಕ್ಷರದಲ್ಲಿದ್ದ ಹಾಳೆಯನ್ನು ನನ್ನ ಮುಂದೆ ಹಿಡಿದರು. "ಎಷ್ಟ ಚಂದ ಬರದೀರಿ ನೋಡ್ರಿ."

ಇಡೀ ಸೀಮೆಯಲ್ಲಿ ಮನೆಮನೆಯ ಮಾಡದ ಮೇಲಿರುವ ಪಾತ್ರೆಗಳಲ್ಲಿ ಇರುವುದು ಕೊಟ್ಟವರ ಹೆಸರು, ಇಟ್ಟುಕೊಂಡವರದ್ದಲ್ಲ. ಎಷ್ಟೋ ಮದುವೆಗಳಿಗೆ ಪಾತ್ರೆ ಅಂಗಡಿಯ ಮುಂದೆ ನಿಂತು ನನ್ನ ಹೆಸರು ಕೆತ್ತಿಸಿದವನೇ ನಾನು. ಷರತ್ತು ಬರೆಯುವಾಗ ಮಾತ್ರ ನನಗೆ ಅದು ಹೊಳೆಯಲಿಲ್ಲ. ಕಾನೂನು ಬರೆಯುವಾಗ ನಾನು ಜೇವರ್ಗಿಯವನು ಎಂಬುದನ್ನೇ ಮರೆತಿದ್ದೆ.

ಉಳಿದದ್ದು ಒಂದೇ ದಾರಿ. ಮರುದಿನ ಸುಜಾತಾಗೆ ಕೋರ್ಟು ಕೆಲಸ ಎಂದು ಹೇಳಿ ಮಣ್ಣೂರಿನ ಬಸ್ ಹತ್ತಿದೆ. ರತ್ನಾಬಾಯಿ ಆಯಿ ಸಿಕ್ಕರು. ಅತ್ತೆಯ ಜೊತೆ ಕೂಲಿಗೆ ಹೋಗುತ್ತಿದ್ದ ಗೆಳತಿ. ವಯಸ್ಸಾಗಿದ್ದರೂ ಬೆನ್ನು ನೆಟ್ಟಗಿತ್ತು. ಕಮಲಾಳ ಅಳಿಯ ಎಂದ ಕೂಡಲೆ ಚಹಾ ಕೊಟ್ಟರು. ಡಬ್ಬಿಯ ಕಥೆ ಕೇಳಿದ ಕೂಡಲೆ ಗುರುತಿನ ಚೀಟಿ ತೆಗೆದುಕೊಂಡು ನನ್ನ ಹಿಂದೆ ಹೊರಟರು. ನಾನು ಗೆದ್ದೆ ಎಂದುಕೊಂಡೆ. ದಾರಿಯುದ್ದಕ್ಕೂ ಕಾಗದಪತ್ರದ ಮಹತ್ವವನ್ನು ಅವರಿಗೆ ವಿವರಿಸಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಶಾಂತಾ ಮೇಡಂ ಚೀಟಿ ನೋಡಿದರು, ಹೆಸರು ಹೊಂದಿಸಿದರು, ಪೆನ್ನು ತೆರೆದರು.

"ಆಯಿ, ಈ ಡಬ್ಬಿ ನಿಮ್ಮದೇನು?"

"ಅಲ್ಲವ್ವಾ," ಎಂದರು ಆಯಿ.

ನಾನು ಕೂತಿದ್ದ ಕುರ್ಚಿಗೆ ಮೂರೇ ಕಾಲು ಎಂದು ಆ ಕ್ಷಣದಲ್ಲಿ ಗೊತ್ತಾಯಿತು. ನೆಲದಿಂದಲೇ ಕೈ ಮುಗಿದೆ. "ಆಯಿ, ನಂದು ಅಂತ ಒಂದ್ ಮಾತ ಅನ್ರಿ! ಸಾಕು!"

"ಹ್ಯಾಂಗ ಅನ್ಲಿ ಅಳಿಯಾ? ಕಮಲಾನ ಲಗ್ನದಾಗ ಕೊಟ್ಟೇನಿ. ಕೊಟ್ಟ ಮ್ಯಾಲ ನಂದು ಹ್ಯಾಂಗಾಗತದ? ನನ್ನ ಮದಲನೇ ಪಗಾರ ಕೂಡಿಸಿ ತಂದಿದ್ದು. ಆಕಿ ಸತ್ತ ಮ್ಯಾಲ ಅದನ್ನ ನಂದು ಅಂತ ಕಸಗೊಳ್ಳಾಕ ಬಂದೇನೇನು ನಾ?"

ಮೇಡಂ ಪೆನ್ನು ಮುಚ್ಚಿದರು. ಮುಚ್ಚುವಾಗ ಅವರ ಕಣ್ಣು ಒದ್ದೆಯಾಗಿತ್ತು. ಆದರೂ ಷರತ್ತು ಷರತ್ತೇ. ಹೆಸರಿನವರೇ ತಮ್ಮದಲ್ಲ ಎಂದ ಮೇಲೆ ಡಬ್ಬಿಯ ಮುಂದೆ 'ವಾರಸುದಾರರಿಲ್ಲ' ಎಂದು ಬಿತ್ತು. ಅದುವರೆಗೆ ಇದ್ದ ಒಂದು ಅನುಮಾನವನ್ನೂ ನಾನೇ ಖರ್ಚು ಮಾಡಿ ಬಸ್ಸಿನಲ್ಲಿ ಕರೆತಂದು ನಿವಾರಿಸಿದ್ದೆ!

"ಕಮಲಾನ ಮಗಳ ಎಲ್ಲಿ? ಆಕಿಗ ಹೇಳೀಯೇನು?" ಎಂದರು ಆಯಿ.

ನಾನು ಎದ್ದು ಬಟ್ಟೆಯ ಧೂಳು ಝಾಡಿಸತೊಡಗಿದೆ.

"ಹೇಳಿಲ್ಲಾ? ನಡಿ ಮನಿಗೆ."

ಮನೆಯ ಬಾಗಿಲಲ್ಲಿ ಆಯಿಯನ್ನು ಕಂಡ ಸುಜಾತಾ, "ದೊಡ್ಡವ್ವಾ!" ಎಂದು ಓಡಿಬಂದು ತಬ್ಬಿಕೊಂಡಳು. ನಂತರ ನಾನು ಎಲ್ಲವನ್ನೂ ಹೇಳಿದೆ. ಬೆಂಚು, ಕಲಾಯಿ, ಷರತ್ತು, ಖಣ. ಬೈಗಳಿಗೆ ಸಿದ್ಧನಾಗಿದ್ದೆ. ಅವಳು ಬೈಯಲಿಲ್ಲ.

"ಮೂರು ತಿಂಗಳ ಅದು ಅಲ್ಲೇ ಇತ್ತೇನ್ರಿ?" ಎಂದಳು. "ನಾ ದಿನಾ ಆಸ್ಪತ್ರಿಗೆ ಹೋಗೋ ಹಾದ್ಯಾಗ?"

"ಹೌದು."

"ಕಳದದ ಅಂತ ಅಂದಿದ್ರ ಅವತ್ತ ಹೋಗಿ ಕೇಳತಿದ್ನಲ್ರಿ. ನನಗ ನಾಚಿಕಿ ಇದ್ದಿಲ್ಲ." ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಹರಾಜು. ಪಂಚನ ಕುರ್ಚಿಯಲ್ಲಿ ನಾನು ಕೂತಿದ್ದೆ. ಅಂದು ನಾಲ್ಕು ಕಾಲಿನದನ್ನೇ ಕೊಟ್ಟಿದ್ದರು. ಎದುರಿಗೆ ಸುಜಾತಾ ಮತ್ತು ಆಯಿ. ಏಳನೆಯ ಷರತ್ತಿನ ಪ್ರಕಾರ ನಾನು ಕೂಗುವಂತಿಲ್ಲ, ಸುಜಾತಾಳೂ ಕೂಗುವಂತಿಲ್ಲ. ಕೊಡೆಗಳು ಹೋದವು, ಊರುಗೋಲು ಹೋಯಿತು. ಡಬ್ಬಿ ಬಂದಾಗ ಗುಜರಿ ವ್ಯಾಪಾರಿಯೊಬ್ಬ ಅದನ್ನು ಕೈಯಲ್ಲಿ ತೂಗಿ ನೋಡಿ ಕೂಗಿದ. ಅದು ಕರಗಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಸುಜಾತಾ ಸೆರಗನ್ನು ಹಿಂಡುತ್ತಿದ್ದಳು. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆನಲ್ಲ!

ಆಗ ಆಯಿ ಎದ್ದುನಿಂತು ವ್ಯಾಪಾರಿಯ ಬಳಿ ಹೋದರು.

"ತಮ್ಮಾ, ನೀ ಎಷ್ಟ ಅಂದಿ, ಅದಕ್ಕಿಂತ ಒಂದ್ ರೂಪಾಯಿ ನಂದು ಜಾಸ್ತಿ. ಇದರ ಮ್ಯಾಲ ನನ್ನ ಹೆಸರದ. ಇನ್ನ ನೀ ಕೂಗಬ್ಯಾಡ."

ವ್ಯಾಪಾರಿ ಮುಚ್ಚಳ ಓದಿದ, ಆಯಿಯ ಮುಖ ನೋಡಿದ. "ತಗೋರಿ ಆಯಿ," ಎಂದು ಹಿಂದೆ ಸರಿದ. ಇಂಥ ಮಾತಿಗೆ ನನ್ನ ಹನ್ನೊಂದು ಷರತ್ತುಗಳಲ್ಲಿ ಎಲ್ಲೂ ಜಾಗವಿರಲಿಲ್ಲ.

ಆಯಿಗೆ ಹಣ ಕೊಡಲು ಜೇಬಿಗೆ ಕೈ ಹಾಕಿದೆ. "ಆಯೇರಿ ಮಾಡಾಕತ್ತೇನಿ, ಸುಮ್ನ ಕೂಡು," ಎಂದು ಗದರಿದರು. ಕೂತೆ.

ಅಷ್ಟರಲ್ಲಿ ಶಾಂತಾ ಮೇಡಂ ರಿಜಿಸ್ಟರು ತಂದು ನನ್ನ ಮುಂದೆ ಇಟ್ಟರು. ಪಂಚರು ದೃಢೀಕರಿಸಬೇಕಾದ ವಾಕ್ಯ ಅಲ್ಲಿತ್ತು: 'ಸದರಿ ವಸ್ತುವನ್ನು ಕೇಳಿಕೊಂಡು ಯಾವ ಹಕ್ಕುದಾರರೂ ಬಂದಿರುವುದಿಲ್ಲ.' ಅದನ್ನೂ ಬರೆದವನು ನಾನೇ. ಪೆನ್ನು ಹಿಡಿದು ತಲೆ ಎತ್ತಿದೆ. ಸುಜಾತಾ ನೋಡುತ್ತಿದ್ದಳು.

"ಮಾಡ್ರಿ ಸಹಿ," ಎಂದಳು ಮೆಲ್ಲಗೆ. "ಖರೇನ ಅದ. ಮೂರು ತಿಂಗಳದಾಗ ಯಾರ ಬಂದಿದ್ರು?"

ಸಹಿ ಮಾಡಿದೆ. ಪದವಿ ಸಮೇತ.

ಹೊರಗೆ ಬಂದ ಮೇಲೆ ಆಯಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಸುಜಾತಾಳ ಕೈಗೆ ಇಟ್ಟರು. ಅವಳು ಮುಚ್ಚಳ ತೆಗೆದು ಮೂಸಿ ನೋಡಿ ಅತ್ತಳು. ನನಗೂ ಅಳು ಬಂತು. ಆದರೆ ಅಲ್ಲಿ ನನ್ನ ಅಳುವಿಗೆ ಯಾರೂ ವಾರಸುದಾರರಿರಲಿಲ್ಲ. ಹಿಡಿದುಕೊಳ್ಳೋಣವೆಂದು ಡಬ್ಬಿಯ ಕಡೆ ಕೈ ಚಾಚಿದೆ. ಇಬ್ಬರೂ ಒಟ್ಟಿಗೆ, "ಬ್ಯಾಡ!" ಎಂದರು. ಆಯಿ ಹರಾಜಿನ ರಸೀದಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

"ಇದನ್ನ ನೀ ಇಟ್ಕೋ ಅಳಿಯಾ. ನಿನಗ ಕಾಗದ ಅಂದ್ರ ಜೀವ."

ಬಹಳ ಜೋಪಾನವಾಗಿ ಇಟ್ಟುಕೊಂಡೆ. ಎಲ್ಲಿ ಎಂಬುದೊಂದು ನೆನಪಾಗುತ್ತಿಲ್ಲ.